ಕಾಲು ತಾಗಿದರೆ ಕಣ್ಣಿಗೊತ್ತಿಕೋ

ಇದರ ಕಡೆಯ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ವಾಲ್ಟರ್. ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ದಕ್ಷಿಣ ಲಂಡನ್ನಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆ ಒಗೆಯುವ, ಬೂಟು ಒರೆಸುವ ಕೆಲಸ ಅವರದು. ಉಳಿದದ್ದು ಹೆಚ್ಚುಕಡಿಮೆ ಅಲ್ಲೇ ಹತ್ತಿರದ ಸಟನ್ನಿನ ನಮ್ಮ ಮನೆಯಲ್ಲೇ ನಡೆಯಿತು. ಶಿವನನ್ನು ನಂಬಿಕೊಂಡು ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರುವವನ ಮನೆಯಲ್ಲೂ ಇಂಥವು ನಡೆಯುತ್ತಲೇ ಇರುತ್ತವೆ. ಕೆಲವನ್ನು ನಕ್ಕು ಮುಗಿಸಬಹುದು. ನಮ್ಮಲ್ಲಿ ಕೆಲವು ತಿಂಗಳು ಇದ್ದು ಹೋದ ಒಬ್ಬ ಹುಡುಗನವು ನಕ್ಕ ಮೇಲೂ ಮುಗಿಯಲಿಲ್ಲ.

೧. ಪದವೀಧರ

ಎರಡು ಸಾವಿರನೆಯ ಇಸವಿ ಬರುವ ಮುಂಚಿನ ಬೇಸಿಗೆ. ವಾಲ್ಟರ್ ಫೋನ್ ಮಾಡಿದರು. "ಅಮೆರಿಕದ ಒಬ್ಬ ಹುಡುಗ ಬಂದಿದ್ದಾನೆ ಮಾರಾಯ್ರೆ. ಹೊಸ ಆಟಗಾರರನ್ನು ಕ್ಲಬ್ಬಿನವರು ಯಾರದಾದರೂ ಮನೆಯಲ್ಲಿ ಇರಿಸುವುದು. ನಿಮ್ಮಲ್ಲಿ ಒಂದು ಕೋಣೆ ಖಾಲಿ ಉಂಟಲ್ಲ?"

"ನಮ್ಮ ಮನ್ಯಾಗ ಮಾಂಸ ಮಾಡಂಗಿಲ್ರಿ" ಎಂದೆ.

"ಅದನ್ನು ಅವ ಮಧ್ಯಾಹ್ನ ಕ್ಲಬ್ಬಿನಲ್ಲಿ ತಿಂತಾನೆ. ಸಂಜೆಗೆ ನಿಮ್ಮ ರೊಟ್ಟಿ ಸಾಕು."

ಹುಡುಗ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬಂದ. ಇಪ್ಪತ್ತೆರಡು ವರ್ಷ. ಅವನ ದೇಶದ ಯಾವ ತಂಡವೂ ಅವನನ್ನು ಆರಿಸಿರಲಿಲ್ಲ. ಅಜ್ಜಿ ಐರ್ಲೆಂಡಿನವಳಾದ್ದರಿಂದ ಇಲ್ಲಿಗೆ ಬರಲು ಕಾಗದ ಸಿಕ್ಕಿತ್ತು. ಕ್ರಿಸ್‌ಮಸ್ ತನಕ ಕ್ಲಬ್ಬಿನವರು ಆಡಿಸಿ ನೋಡುತ್ತಾರೆ. ಹೌದೆಂದರೆ ಕರಾರು, ಇಲ್ಲವೆಂದರೆ ವಾಪಸ್ಸು, ಅಲ್ಲಿಗೆ ಆಟವೂ ಮುಗಿಯಿತು. ಇದನ್ನು ಅವನು ಮೊದಲ ದಿನವೇ ಚೀಲ ಕೆಳಗಿಡುವ ಮುಂಚೆ ಹೇಳಿದ.

"ಕಾಲೇಜು ಮುಗಿಸಿದ್ದೀಯಲ್ಲ, ಇಷ್ಟು ಓದಿ ಚೆಂಡು ಒದೆಯಲು ಬಂದೆಯಾ?" ಎಂದು ಕೇಳಿದೆ.

"ಅಂಕಲ್, ಕಾಲೇಜಿಗೆ ಸೇರಿಸಿಕೊಂಡದ್ದೇ ಚೆಂಡು ಒದೆಯುತ್ತೇನೆಂದು."

ನಮ್ಮೂರ ಶಾಲೆಯಲ್ಲಿ ಚೆಂಡು ಒದ್ದವನನ್ನು ಮಾಸ್ತರರು ಹೊರಗೆ ಹಾಕುತ್ತಿದ್ದರು. ಅಲ್ಲಿ ಒದ್ದವನನ್ನೇ ಒಳಗೆ ಕರೆಯುತ್ತಾರೆ.

೨. ಉದ್ದ ಕಾಲು

ನಮ್ಮದು ಸಣ್ಣ ಮನೆ, ಅವನದು ಉದ್ದ ಕಾಲು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಎಲ್ಲರಿಗೂ ತಾಗುತ್ತಿತ್ತು. ಒಂದು ಸಂಜೆ ನಮ್ಮ ಮನೆಯವರಿಗೇ ತಾಗಿತು. ಅವನು ಸಾರಿ ಎಂದ.

"ಸಾರಿ ಅಂದ್ರ ಆಗಂಗಿಲ್ಲ ತಮ್ಮಾ" ಎಂದರು ಅವರು. "ಮುಟ್ಟಿ ಕಣ್ಣಿಗೆ ಒತ್ಕೋಬೇಕು. ಎಲ್ಲಾರೊಳಗೂ ಶಿವ ಇರ್ತಾನ."

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ. ಹುಡುಗ ಕೇಳಿದ, "ಎಲ್ಲರೊಳಗೂ ಎಂದರೆ? ಎದುರು ತಂಡದವರಲ್ಲೂ?"

"ಅವರೊಳಗ ಇಲ್ದ ಎಲ್ಲಿಗೆ ಹೋಗ್ತಾನ?" ಎಂದರು ಮನೆಯವರು, ಎದ್ದು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕುತ್ತ.

ಮೊದಲು ತಮಾಷೆಗೆಂದು ಮಾಡಿದ. ಆಮೇಲೆ ರೂಢಿಯಾಯಿತು. ದಿನಪತ್ರಿಕೆಗೆ ತಾಗಿದರೂ ಮಾಡಿದ, ಪಕ್ಕದ ಮನೆಯ ಬೆಕ್ಕಿಗೆ ತಾಗಿದರೂ ಮಾಡಿದ. ನಾನು ಚಿಕ್ಕವನಿದ್ದಾಗ ಬರೆಯುವ ಪಾಟಿಗೆ ಕಾಲು ತಾಗಿದರೆ ಹೀಗೇ ಮಾಡುತ್ತಿದ್ದೆ. ಅವನನ್ನು ನೋಡಿ ಮನಸ್ಸಿಗೆ ಸಂತೋಷವಾಗುತ್ತಿತ್ತು. ಈಗ ಆ ಸಂತೋಷ ನೆನೆದರೆ ಎದೆ ಭಾರವಾಗುತ್ತದೆ.

ಒಮ್ಮೆ ಟೂಟಿಂಗಿಗೆ ದೋಸೆ ತಿನ್ನಿಸಲು ಕರೆದುಕೊಂಡು ಹೊರಟಿದ್ದೆ. ಬಸ್ಸಿನಲ್ಲಿ ಒಬ್ಬ ಮುದುಕಿಯ ಚೀಲಕ್ಕೆ ಅವನ ಕಾಲು ತಾಗಿತು. ಬಗ್ಗಿ ಮುಟ್ಟಿ, ಕಣ್ಣಿಗೊತ್ತಿಕೊಂಡ. ಆಕೆ ಅವನನ್ನೇ ನೋಡುತ್ತ ಇದ್ದು, "ಮಗು, ನನ್ನ ಚೀಲಕ್ಕೇನೂ ಆಗಿಲ್ಲ. ನಿನ್ನ ಕಣ್ಣನ್ನು ಮಾತ್ರ ಡಾಕ್ಟರಿಗೆ ತೋರಿಸು" ಎಂದಳು.

೩. ವಿಭೂತಿ

ಮಹಾನವಮಿ ಬಂತು. ಆಯುಧಪೂಜೆಗೆಂದು ಮನೆಯವರು ಮಣೆಯ ಮೇಲೆ ಹೊಲಿಗೆ ಯಂತ್ರ, ಕಾರಿನ ಕೀಲಿ, ಮಗಳ ಕ್ಯಾಲ್ಕುಲೇಟರ್ ಇಟ್ಟು, ಹುಡುಗನ ಬೂಟು ತರಲು ಹೇಳಿದರು.

"ಮೆಟ್ಟೋದನ್ನ ದೇವರ ಮುಂದ ಇಡ್ತೀಯೇನು?" ಎಂದೆ. ಹೊಸಿಲಾಚೆ ಚಪ್ಪಲಿ ಬಿಡುವ ಮನೆಯಲ್ಲಿ ಹುಟ್ಟಿದವನು ನಾನು.

"ಒಕ್ಕಲಿಗಗ ನೇಗಿಲ, ಇವಗ ಬೂಟು. ಕೂಸಿನ ಅನ್ನ ಅದರಾಗೈತಿ."

ಅವರು ಹೇಳಿದ್ದು ಸುಳ್ಳಲ್ಲ. ಆ ವೇಳೆಗೆ ಕ್ಲಬ್ಬಿನವರು ಅವನನ್ನು ಹೆಚ್ಚಾಗಿ ಬೆಂಚಿನ ಮೇಲೆಯೇ ಕೂರಿಸುತ್ತಿದ್ದರು. ಸಂಜೆ ಅವನ ಮಾತು ಕಡಿಮೆಯಾಗಿತ್ತು. ಭಾನುವಾರ ತಾಯಿಯ ಫೋನ್ ಬಂದಾಗ ಮಾತ್ರ, ಎಲ್ಲ ಚೆನ್ನಾಗಿದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಅವನು ಬೂಟು ತೊಳೆದು ಒರೆಸಿ ಎರಡೂ ಕೈಯಲ್ಲಿ ಹಿಡಿದು ತಂದ. ಕರಿಯ ಬೂಟು, ಪಕ್ಕದಲ್ಲಿ ಮೂರು ಬಿಳಿ ಗೆರೆ. ನಾನು ವಿಭೂತಿ ಹಿಡಿದು ಇನ್ನೂ ಅನುಮಾನಿಸುತ್ತಲೇ ಇದ್ದೆ.

ಮನೆಯವರು ಬೂಟನ್ನು ತಿರುಗಿಸಿ ನೋಡಿ ನನ್ನ ಕೈಯಿಂದ ವಿಭೂತಿ ಇಸಿದುಕೊಂಡರು. "ನಿಮಗ್ಯಾಕ ಚಿಂತಿ? ಅದು ಆಗ್ಲೇ ಮೂರೂ ಬಟ್ಟು ಹಚ್ಕೊಂಡ ಬಂದೈತಿ."

೪. ಚೆಂಡು

ಡಿಸೆಂಬರಿನ ಒಂದು ಶನಿವಾರ ಕೊನೆಯ ಪರೀಕ್ಷೆ. ನನಗೆ ಆಸ್ಪತ್ರೆಯಲ್ಲಿ ಕೆಲಸವಿತ್ತು, ಹೋಗಲಾಗಲಿಲ್ಲ. ಸಂಜೆ ಹುಡುಗ ಬಂದು, "ಅವರಿಗೆ ನನಗಿಂತ ವೇಗವಾಗಿ ಓಡುವವರು ಬೇಕಂತೆ" ಎಂದಷ್ಟೇ ಹೇಳಿ ಮೇಲೆ ಹೋದ. ನಾವು ಅದನ್ನೇ ನಂಬಿದೆವು. ನಡೆದದ್ದೇನೆಂದು ವಾಲ್ಟರ್ ಹೇಳಿದ್ದು ಅವನು ಹೊರಟು ಹೋದ ಮೇಲೆ, ಜನವರಿಯಲ್ಲಿ.

"ಕಡೆಯ ಐದು ನಿಮಿಷ ಮಾರಾಯ್ರೆ. ಎದುರಿನ ಗೋಲ್‌ಕೀಪರ್ ಇವನ ಕಾಲಿಗೆ ಅಡ್ಡ ಬಿದ್ದ. ಚೆಂಡು ಕೈಯಿಂದ ಜಾರಿತು. ಮುಂದೆ ಗೋಲು ಖಾಲಿ. ನನ್ನ ಅಜ್ಜಿಯಾದರೂ ಒದ್ದು ಹಾಕುತ್ತಿದ್ದರು. ಆದರೆ ಇವನ ಬೂಟು ಕೀಪರನ ಹೆಗಲಿಗೆ ತಾಗಿತ್ತು. ಇವ ನಿಂತ. ಬಗ್ಗಿದ. ಹೆಗಲು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡ. ಕಣ್ಣು ಬಿಡುವಷ್ಟರಲ್ಲಿ ಚೆಂಡು ಇಲ್ಲ."

ಮ್ಯಾನೇಜರ್ ಕರೆದು ಏನು ಮಾಡಿದೆಯೆಂದು ಕೇಳಿದರಂತೆ.

"ಕಾಲು ತಾಗಿತು" ಎಂದನಂತೆ ಹುಡುಗ.

"ಇದು ಫುಟ್‌ಬಾಲಪ್ಪ. ಇದರಲ್ಲಿ ಕಾಲು ತಾಗದೆ ಇನ್ನೇನು ತಾಗಬೇಕು?"

ಎಲ್ಲರೂ ನಕ್ಕರಂತೆ. ಹೇಳುತ್ತ ವಾಲ್ಟರ್ ಕೂಡ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು.

"ಅದಕ್ಕಽ ಬ್ಯಾಡ ಅಂದ್ರೇನ್ರಿ?" ಎಂದು ಕೇಳಿದೆ.

"ಅದಕ್ಕೇ ಅಂತ ಹೇಗೆ ಹೇಳುವುದು? ಅವರ ಮನಸ್ಸು ಮೊದಲೇ ಅರ್ಧ ಇತ್ತು. ಉಳಿದ ಅರ್ಧ ಅಲ್ಲಿ ಹೋಯಿತು."

ಆಗ ನನಗೆ ಹುಡುಗ ಹೊರಟ ಬೆಳಗು ನೆನಪಾಯಿತು. ವಿಮಾನ ನಿಲ್ದಾಣದ ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಮನೆಯವರು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಚೀಲಗಳನ್ನು ಇಡುವಾಗ ಬೂಟಿದ್ದ ಚೀಲಕ್ಕೆ ನನ್ನ ಕಾಲು ತಾಗಿತು. ಪೂಜೆ ಮಾಡಿದ ಆಯುಧವಲ್ಲವೇ? ಬಗ್ಗಿ ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಕಣ್ಣು ಬಿಟ್ಟಾಗ ಹುಡುಗ ನನ್ನನ್ನೇ ನೋಡುತ್ತಿದ್ದ. ಆ ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ನಕ್ಕ.

"ಅಂಕಲ್, ಚೆಂಡು ಹೋಯಿತು."

ತಿಳಿಯದಿದ್ದರೂ ನಾನೂ ನಕ್ಕೆ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ನಗುತ್ತಲೇ ಕೈ ಬೀಸಿದೆ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಿ, ಅವರು ಮತ್ತೊಬ್ಬರಿಗೆ ಹೇಳಲಿ. ನಗಿಸಿ ಹೇಳಿದರೂ ಅಡ್ಡಿಯಿಲ್ಲ. ಬಾಯಿಂದ ಬಾಯಿಗೆ ದಾಟಿ ಒಂದು ದಿನ ಅವನ ಊರಿಗೂ ಮುಟ್ಟೀತು. ನಮ್ಮ ಮನೆಗೆ ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ. ಒಳಗೆ ರೊಟ್ಟಿ ಬಡಿಯುತ್ತಿರುವವರಿಗೆ ಇದು ಇನ್ನೂ ಗೊತ್ತಿಲ್ಲ.