ಮೇಲಿನ ಮೆಟ್ಟಿಲಿನ ಪುಸ್ತಕ

ಯಾವ ವಸ್ತುವಾದರೂ ಸರಿ, ತುಸು ಎತ್ತರದಲ್ಲಿಟ್ಟು ಕೆಳಗೊಂದು ರೇಷ್ಮೆ ಬಟ್ಟೆ ಹಾಸಿಬಿಟ್ಟರೆ ನಮ್ಮ ಜನ ಕೈಮುಗಿಯುತ್ತಾರೆ. ಇದನ್ನು ಯಾರನ್ನೋ ಹಂಗಿಸಲು ಹೇಳುತ್ತಿಲ್ಲ, ಎತ್ತರದಲ್ಲಿಟ್ಟವನು ನಾನೇ.

ಚಾಮರಾಜಪುರಂನ ನಮ್ಮ ಪುಸ್ತಕ ಭಂಡಾರದಲ್ಲಿ ಆ ದಸರೆಗೆ ಹಳೆಯ ಪುಸ್ತಕಗಳ ಪ್ರದರ್ಶನ ಏರ್ಪಾಡಾಯಿತು. ಜೋಡಿಸುವ ಕೆಲಸ ಗುಮಾಸ್ತನಾದ ನನ್ನ ಪಾಲಿಗೆ ಬಂತು. ಮನೆಯಲ್ಲಿ ವರ್ಷವರ್ಷವೂ ಗೊಂಬೆ ಕೂರಿಸುವವನು ನಾನು. ನನ್ನಾಕೆ ಸಲಹೆ ಕೊಟ್ಟರೂ ಕೇಳುವವನಲ್ಲ. ಅದೇ ವಿದ್ಯೆಯನ್ನು ಇಲ್ಲಿಯೂ ತೋರಿಸಿ ಮೆಟ್ಟಿಲು ಕಟ್ಟಿದೆ. ತುದಿಗೆ ಹೊಳೆಯುವಂಥದ್ದು ಬೇಕಲ್ಲ? ಚರ್ಮದ ರಟ್ಟಿನ, ಚಿನ್ನದ ಅಕ್ಷರದ ದಪ್ಪ ಪುಸ್ತಕವೊಂದು ಸಿಕ್ಕಿತು. ಅದು ಇಂಗ್ಲೆಂಡಿನ ಯಾವುದೋ ಕುದುರೆ ಜೀನಿನ ಅಂಗಡಿಯ ಮಾಲುಗಳ ಪಟ್ಟಿ ಎಂದು ನನಗೆ ಗೊತ್ತಿತ್ತು. ಮುಚ್ಚಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಅದರಡಿ ಹಾಸಲು, ಮಂಡಿ ಮೊಹಲ್ಲಾದ ಶಿವಮ್ಮನವರು ಕೊಟ್ಟಿದ್ದ ಓಲೆಗರಿಯ ಕಟ್ಟಿಗೆ ಸುತ್ತಿದ್ದ ಕೆಂಪು ರೇಷ್ಮೆಯನ್ನು ಬಿಚ್ಚಿಕೊಂಡೆ. ಹುಳು ತಿಂದು ಕಪ್ಪಾಗಿದ್ದ ಗರಿಗಳನ್ನು ಕೆಳಗಿನ ಮೆಟ್ಟಿಲಿನ ಮೂಲೆಗೆ ತಳ್ಳಿದೆ.

ಬಂದವರೆಲ್ಲ ಬಾಗಿಲಲ್ಲಿ ಮೆಟ್ಟು ಬಿಟ್ಟು, ದನಿ ತಗ್ಗಿಸಿ, ಮೇಲಿನದಕ್ಕೆ ಕೈಮುಗಿದು ಹೋದರು. ನಾನು ಉಬ್ಬಿದೆ. ಸಂಜೆ ಶಿವಮ್ಮನವರೂ ಬಂದರು. ದನಕರುಗಳಿಗೆ ಮದ್ದು ಕೊಡುತ್ತಿದ್ದ ಅವರ ಮಾವನವರ ಕೈಬರಹ ಆ ಗರಿಗಳು. ಆ ಮನೆಯಲ್ಲಿ ಕಟ್ಟನ್ನು ಬಿಚ್ಚುವ ಪದ್ಧತಿಯೇ ಇರಲಿಲ್ಲವಂತೆ. ವರ್ಷಕ್ಕೊಮ್ಮೆ ರೇಷ್ಮೆಯ ಮೇಲೆಯೇ ವಿಭೂತಿ ಹಚ್ಚಿ ಒಳಗಿಡುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ದೇವರಂಥದ್ದನ್ನು ಹೊರಗೆ ಕೊಟ್ಟೆನಲ್ಲ ಎಂದು ವರ್ಷದಿಂದ ಕೊರಗುತ್ತಿದ್ದರಂತೆ. ರೇಷ್ಮೆಯ ಗುರುತು ಹತ್ತಿತು. ಜೀನಿನ ಅಂಗಡಿಗೆ ಅಡ್ಡಬಿದ್ದರು.

“ನಮ್ಮ ಮಾವನೋರ್ದು ಇದೇ ಅಲ್ವಾ, ರಾಯರೇ? ಕೊಟ್ಟು ತಪ್ಪು ಮಾಡ್ಬುಟ್ಟೆ ಅಂತಿದ್ದೆ. ಈಗ ಸಮಾಧಾನ ಆಯ್ತು ಕಣ್ರೀ.”

ಸುತ್ತ ಹತ್ತು ಜನರಿದ್ದರು. “ಹೌದು, ತಾಯಿ,” ಎಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಗರಿಗಳನ್ನು ಒರೆಸಿ ರೇಷ್ಮೆಯ ಮೇಲಿಟ್ಟೆ. ಪಟ್ಟಿಯನ್ನು ಬೀರುವಿಗೆ ಸೇರಿಸಿದೆ. ತಪ್ಪು ತಿದ್ದಿಕೊಂಡೆನೆಂಬ ನೆಮ್ಮದಿ ಹನ್ನೊಂದು ಗಂಟೆಯವರೆಗೆ ಇತ್ತು. ಆಗ ಶಿವಮ್ಮನವರು ಸೊಸೆಯನ್ನು ಕರೆದುಕೊಂಡು ಬಂದರು. ಮೇಲೆ ನೋಡಿ ಅವರ ಮುಖ ಬಿಳಿಚಿಕೊಂಡಿತು.

“ಇದ್ಯಾವ್ದೋ ಹುಳ ತಿಂದಿರೋ ಗರಿ, ರಾಯರೇ. ನಮ್ಮ ಮಾವನೋರ್ದು ಎಲ್ಲೋಯ್ತು?”

ಹೇಳಬೇಕಾದ ಮಾತು ನಾಲಗೆಯ ತುದಿಯವರೆಗೂ ಬಂತು. ನಾನು ಬೀರು ತೆರೆದೆ. ಅವರ ಮಾವನವರನ್ನು ಕೆಳಗಿಳಿಸಿ, ಜೀನಿನ ಪಟ್ಟಿಯನ್ನು ಮೇಲೆ ಕೂರಿಸಿದೆ.

“ತಾತನೋರ ಪುಸ್ತಕ ಕಾಪಾಡ್ತಿರೋ ಪುಣ್ಯಾತ್ಮರು ಕಣಮ್ಮ, ಕಾಲಿಗೆ ಬೀಳು,” ಎಂದರು ಸೊಸೆಗೆ.

ಆಕೆ ಬಗ್ಗಿದಳು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ನಾಚಿಕೆಯಾದರೂ ನನಗಿರಬೇಕಿತ್ತು. ಕಣ್ಣು ಮುಚ್ಚಿ, ಗಂಭೀರವಾಗಿ, ದೀರ್ಘ ಸುಮಂಗಲಿಯಾಗೆಂದು ಹರಸಿದೆ.