ಹರಕೆ ಹೊತ್ತ ಕಂಪ್ಯೂಟರು

ಒಳ್ಳೆಯವನಾಗಬೇಕು ಎಂದು ಮನಸ್ಸು ಮಾಡಿದ ದಿನದಿಂದಲೇ ಮನುಷ್ಯನಿಗೆ ಕಷ್ಟ ಶುರುವಾಗುತ್ತದೆ. ನನ್ನ ಅಂಗಡಿಯಲ್ಲಂತೂ ಅದು ನಾನು ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿತ್ತು. ದೇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂಬ ನಂಬಿಕೆ ನನಗೆ ಯಾವತ್ತೂ ತಪ್ಪಿಲ್ಲ. ಇಷ್ಟು ದಿನ ಪರೀಕ್ಷೆ ಮಾಡಿದ ಮೇಲೆ ಫಲಿತಾಂಶವನ್ನೂ ಒಮ್ಮೆ ಹೇಳಿಬಿಡಬಾರದೇ ಎಂಬುದಷ್ಟೇ ನನ್ನ ಬೇಡಿಕೆ.

ಚನ್ನಪಟ್ಟಣದಲ್ಲಿ ಹೆದ್ದಾರಿಯ ಬದಿಗೆ, ಬೊಂಬೆ ಅಂಗಡಿಗಳ ಸಾಲಿನ ಕೊನೆಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಬಯೋಡೇಟಾ, ಜೆರಾಕ್ಸು. ಹುಟ್ಟಿನಿಂದ ಸಾವಿನ ತನಕ ಯಾರಿಗೆ ಏನಾದರೂ ನನ್ನ ಕಂಪ್ಯೂಟರಿನ ಮುಂದೆ ಬಂದು ನಿಲ್ಲಲೇಬೇಕಿತ್ತು. ನಿಲ್ಲುತ್ತಲೂ ಇದ್ದರು, ನಾನು ಒಳ್ಳೆಯವನಾಗುವ ತನಕ.

೧. ಕುಂಕುಮ

ಕಂಪ್ಯೂಟರು ಕೊಂಡಾಗ ಅದರೊಳಗೆ ವಿಂಡೋಸ್ ಇತ್ತು. ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ. ದಿನಾ ಬೆಳಿಗ್ಗೆ ಮಾನಿಟರಿನ ಹಣೆಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಆಮೇಲೆ ಸ್ವಿಚ್ಚು ಒತ್ತುವುದು ನನ್ನ ಪದ್ಧತಿ.

ಬಿಡದಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ನಮ್ಮ ಬೀದಿಗೂ ಒಬ್ಬ ಇಂಜಿನಿಯರು ಬಾಡಿಗೆಗೆ ಬಂದ. ಒಂದು ದಿನ ಜೆರಾಕ್ಸಿಗೆ ಕಾಯುತ್ತ ನಿಂತವನು ಪರದೆಯನ್ನೇ ನೋಡಿ, "ಸಾರ್, ಇದು ಕಾಪಿ ಹೊಡೆದ ಸಿ.ಡಿ.ಯಿಂದ ಹಾಕಿರೋದು. ಲೈಸೆನ್ಸ್ ಇಲ್ಲ," ಅಂದ.

"ಹಾಗಂದ್ರೆ?"

"ಹಾಗಂದ್ರೆ ಕಳ್ಳಮಾಲು. ಕಳ್ಳಮಾಲಿಗೆ ಕುಂಕುಮ ಇಟ್ಟೋರನ್ನ ನಾನು ಇವತ್ತೇ ನೋಡಿದ್ದು."

ಅಂದು ನನಗೆ ಅನ್ನ ಸೇರಲಿಲ್ಲ. ಅಸಲಿ ಕೊಳ್ಳುವ ಶಕ್ತಿ ನನ್ನ ಅಂಗಡಿಗೆ ಇರಲಿಲ್ಲ. ನನ್ನ ಮುಖ ನೋಡಲಾರದೆ ಇಂಜಿನಿಯರೇ ಮರುದಿನ ಒಂದು ದಾರಿ ತೋರಿಸಿದ. ವಿಂಡೋಸಿನ ಬದಲು ಲಿನಕ್ಸ್ ಎಂಬುದನ್ನು ಹಾಕಿಕೊಂಡರೂ ಕಂಪ್ಯೂಟರು ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಎಲ್ಲೆಲ್ಲಿಯವರೋ ಸೇರಿ ಮಾಡಿ ಎಲ್ಲರಿಗೂ ಹಂಚುತ್ತಾರೆ, ಪಡೆದವರು ಇನ್ನೊಬ್ಬರಿಗೆ ಹಂಚಿದರೂ ತಪ್ಪಿಲ್ಲ. ನನಗೆ ಇದು ಥೇಟ್ ಪ್ರಸಾದದ ಹಾಗೆ ಕೇಳಿಸಿತು. ಎರಡೂ ಕೈ ಚಾಚಿ ಸಿ.ಡಿ. ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ನಿಂತ ನಿಲುವಿನಲ್ಲೇ ಮಾಗಡಿ ಕಡೆಗೆ ಮುಖ ತಿರುಗಿಸಿ, ಇನ್ನು ಈ ಕಂಪ್ಯೂಟರಿಗೆ ಕದ್ದದ್ದನ್ನು ಹಾಕುವುದಿಲ್ಲ ಎಂದು ಮನೆದೇವರಿಗೆ ಹರಕೆ ಹೊತ್ತುಬಿಟ್ಟೆ.

ಮದುವೆ ಸೀಸನ್ನು ಬಾಗಿಲಲ್ಲಿತ್ತು. ನಮ್ಮ ಅಂಗಡಿ ವರ್ಷವಿಡೀ ಉಸಿರಾಡುವುದೇ ಲಗ್ನಪತ್ರಿಕೆಯಿಂದ. ಈ ಸೀಸನ್ನು ಕೈಬಿಟ್ಟರೆ ಅಂಗಡಿಗೆ ಬೀಗ ಹಾಕಿ, ಕನಕಪುರದ ನನ್ನ ಮಾವನವರ ಗೊಬ್ಬರದಂಗಡಿಯಲ್ಲಿ ಕೂರುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ನನ್ನ ಹೆಂಡತಿ, ಆಗಲಿ ಎಂದವನು ನಾನು.

"ಹರಕೆ ಹೊರೋಕೆ ಮುಂಚೆ ನನ್ನ ಒಂದು ಮಾತು ಕೇಳಬಾರದಾಗಿತ್ತಾ?" ಅಂದಳು ಅವಳು. "ಮುಡಿ ಕೊಡ್ತೀನಿ ಅಂದಿದ್ರೆ ಕೂದಲಾದ್ರೂ ಮತ್ತೆ ಬೆಳೀತಿತ್ತು. ಗಿರಾಕಿ ಬೆಳೀತಾರೇನ್ರೀ?"

೨. ತೊಳೆದ ಹಕ್ಕಿ

ಲಿನಕ್ಸ್ ಶುರುವಾಗುವಾಗ ಪರದೆಯ ನೆತ್ತಿಯಲ್ಲಿ ಒಂದು ಹಕ್ಕಿ ಬಂದು ಕೂರುತ್ತಿತ್ತು. ನನಗೆ ಅದರಿಂದ ತೊಂದರೆಯಿರಲಿಲ್ಲ. ದೇವರಿಗೇ ಒಂದೊಂದು ವಾಹನ ಇರುವಾಗ ಇದಕ್ಕೂ ಒಂದು ಇರಲಿ ಅಂದುಕೊಂಡಿದ್ದೆ.

ಕೈಲಾಂಚದ ಒಬ್ಬ ಗೌಡರು ಮಗಳ ಲಗ್ನಪತ್ರಿಕೆಗೆಂದು ಬಂದರು. ಜೊತೆಗೆ ಅವರ ಭಾಮೈದ. ಅವರ ಮನೆಯ ಮೂರು ಮದುವೆಗೆ ನನ್ನದೇ ಪತ್ರಿಕೆ. ಕುರ್ಚಿ ಹಾಕಿ ಕೂರಿಸಿ, ಊದುಬತ್ತಿ ಹಚ್ಚಿ, ಸ್ವಿಚ್ಚು ಒತ್ತಿದೆ.

"ಅದೇನ್ ಸಾಮಿ, ಕಾಗೆ ಕೂತೈತೆ?" ಅಂದರು ಗೌಡರು.

"ಕಾಗೆ ಅಲ್ಲ ಗೌಡ್ರೆ, ಪೆಂಗ್ವಿನ್ ಅಂತ. ಹಿಮದ ಸೀಮೆಯ ಹಕ್ಕಿ."

ಗೌಡರು ಭಾಮೈದನ ಕಡೆ ತಿರುಗಿದರು. "ನೋಡ್ಲಾ, ಕಪ್ಪಗಿಲ್ವಾ?"

"ಕಪ್ಪಗೈತೆ ಭಾವ."

"ಕೊಕ್ಕು?"

"ಐತೆ."

"ಇನ್ನೇನ್ಲಾ ಬೇಕು."

"ಹೊಟ್ಟೆ ಬೆಳ್ಳಗಿದೆ ನೋಡಿ," ಎಂದು ನಾನು ಬೆರಳಿಟ್ಟು ತೋರಿಸಿದೆ.

ಭಾಮೈದ ಬಗ್ಗಿ ನೋಡಿದ. "ಒಸಿ ತೊಳ್ದವ್ರೆ ಭಾವ, ಅಷ್ಟೆಯ."

ಗೌಡರು ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು. ಮಾತು ಮಾತ್ರ ಬಹಳ ಮೃದುವಾಗಿತ್ತು. "ಶನಿಮಹಾತ್ಮನ ಮ್ಯಾಲೆ ನಂಗೆ ಭಕ್ತಿ ಐತೆ ಸಾಮಿ, ಇಲ್ಲ ಅನ್ನಕ್ಕಿಲ್ಲ. ಆದ್ರೆ ಮಗಳ ಮದ್ವೆಗೆ ಮೊದಲ್ನೇ ಪತ್ರಿಕೆ ಅವನಿಗೇ ಕೊಡೋವಷ್ಟು ಧೈರ್ಯ ಇಲ್ಲ."

ಇಬ್ಬರೂ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು. ಅಲ್ಲಿ ವಿಂಡೋಸ್ ಇತ್ತು. ಎಲ್ಲಿಂದ ಬಂತು ಎಂದು ಅವರೂ ಕೇಳಿರಲಿಲ್ಲ.

೩. ಹಕ್ಕಿಯ ಮೇಲೆ ಗಣಪತಿ

ಹಕ್ಕಿಯನ್ನು ತೆಗೆಸಬೇಕೆಂದರೆ ಇಂಜಿನಿಯರು ರಾತ್ರಿಪಾಳಿಯಲ್ಲಿದ್ದ. ಅದು ಬರುವ ಜಾಗಕ್ಕೇ ಒಂದು ಅಂಗೈಯಗಲದ ಗಣಪತಿ ಸ್ಟಿಕ್ಕರು ಅಂಟಿಸಿಬಿಟ್ಟೆ. ಸ್ವಿಚ್ಚು ಒತ್ತಿದ ತಕ್ಷಣ ವಿಘ್ನೇಶ್ವರನ ದರ್ಶನ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಆ ವಾರ ರೇಷ್ಮೆ ನೂಲು ತೆಗೆಯುವ ಸಾಹೇಬರೊಬ್ಬರು ಮಗನ ನಿಕಾಹಿಗೆ ಕನ್ನಡದಲ್ಲಿ ಒಂದಿಷ್ಟು ಕಾರ್ಡು ಬೇಕೆಂದರು. ಗೂಡು ತಂದುಕೊಡುವ ರೈತರನ್ನು ಕರೆಯಬೇಕಿತ್ತು. ನಮ್ಮ ಕಸುಬಿನಲ್ಲಿ ಯಾರೂ ಹೊಸ ಪತ್ರಿಕೆಯನ್ನು ಬರಿಯ ಹಾಳೆಯಿಂದ ಶುರು ಮಾಡುವುದಿಲ್ಲ. ಹಿಂದೆ ಮಾಡಿದ ಒಂದನ್ನು ತೆಗೆದು ಹೆಸರು, ಊರು, ದಿನ ಬದಲಾಯಿಸುತ್ತೇವೆ. ನಾನೂ ಹಾಗೇ ಮಾಡಿದೆ. ಕಾಣುವ ಅಕ್ಷರವನ್ನೆಲ್ಲ ಎರಡೆರಡು ಸಲ ಓದಿದೆ. ಪತ್ರಿಕೆಯ ನೆತ್ತಿ ಮಾತ್ರ ಗಣಪತಿಯ ಹಿಂದಿತ್ತು.

ಸಾಹೇಬರು ಕಾರ್ಡಿನ ಕಟ್ಟು ಹಿಡಿದು ವಾಪಸು ಬಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನಾದರೂ ಬದುಕಿಕೊಳ್ಳುತ್ತಿದ್ದೆ.

"ಸ್ವಾಮಿಗಳೇ, ಮೇಲಿನ ಸಾಲು ಒಸಿ ಓದಿ."

ಓದಿದೆ. "ಶ್ರೀ ವೀರಭದ್ರೇಶ್ವರ ಪ್ರಸನ್ನ" ಎಂದಿತ್ತು.

ಎಲ್ಲವನ್ನೂ ಮತ್ತೆ ಅಚ್ಚು ಹಾಕಿಕೊಡುತ್ತೇನೆ, ಕ್ಷಮಿಸಿಬಿಡಿ ಎಂದು ಕೈಮುಗಿದೆ.

"ಕೈ ಯಾಕೆ ಮುಗೀತೀರಿ? ಮಕ್ಕಳಿಗೆ ಯಾರು ಆಶೀರ್ವಾದ ಮಾಡಿದ್ರೂ ಬೇಡ ಅನ್ನೋ ಜನ ಅಲ್ಲ ನಾವು," ಎಂದರು ಸಾಹೇಬರು. "ಆದ್ರೆ ಒಂದು ಮಾತು ಹೇಳಿ. ಕಾರ್ಡು ಆಗಲೇ ಅರ್ಧ ಊರಿಗೆ ಹಂಚಿಬಿಟ್ಟವ್ನೆ ನಮ್ಮ ಹುಡುಗ. ರೈತರು ಫೋನ್ ಮಾಡಿ, ಊಟಕ್ಕೆ ಬರಬೇಕೋ ಪೂಜೆಗೆ ಬರಬೇಕೋ ಅಂತ ಕೇಳ್ತಾವ್ರೆ. ಏನ್ ಹೇಳಲಿ?"

೪. ಇಳಿ ತೆಗೆದದ್ದು

ಆಮೇಲೆ ಪ್ರಿಂಟರು ಮಾತು ಬಿಟ್ಟಿತು. ಲಿನಕ್ಸ್ ಕೊಟ್ಟ ಅಪ್ಪಣೆ ಅದಕ್ಕೆ ಇದ್ದಕ್ಕಿದ್ದಂತೆ ತಿಳಿಯದಾಯಿತು. ದೀಪ ಮಾತ್ರ ಮಿನುಗುತ್ತಿತ್ತು, ಕಾಗದ ಒಳಗೆ ಹೋಗುತ್ತಿರಲಿಲ್ಲ. ಇಂಜಿನಿಯರು ಮೂರು ಸಂಜೆ ಬಂದು ಕೂತ. ಏನೇನೋ ಟೈಪು ಮಾಡಿದ, ತಲೆ ಕೆರೆದುಕೊಂಡ, ಕೊನೆಗೆ ನನ್ನ ಮುಂದೆಯೇ ಪ್ರಿಂಟರಿಗೆ ಕೈಮುಗಿದ. ದೇವರನ್ನು ನಂಬದ ಹುಡುಗ. ಅದನ್ನು ನೋಡಿ ನನಗೇ ಭಯವಾಯಿತು.

ಮರುದಿನ ನನ್ನ ಹೆಂಡತಿ ಬುತ್ತಿ ತಂದವಳು ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ಹಿಡಿದು ಪ್ರಿಂಟರಿಗೆ ಮೂರು ಸಲ ಇಳಿ ತೆಗೆದಳು. ಎದುರಿನ ಅಂಗಡಿಯ ಕಡೆಗೊಮ್ಮೆ ನೋಡಿ ರಸ್ತೆಗೆ ಎಸೆದು ಬಂದಳು. ಅವಳು ಒಳಗೆ ಕಾಲಿಡುವುದಕ್ಕೂ ಪ್ರಿಂಟರು ಗುರ್ ಎಂದು ಹಾಳೆ ಎಳೆದುಕೊಳ್ಳುವುದಕ್ಕೂ ಸರಿಹೋಯಿತು. ಮೂರು ದಿನದಿಂದ ತಡೆದುಕೊಂಡಿದ್ದ ತಿಥಿ ಕಾರ್ಡುಗಳೆಲ್ಲ ಒಟ್ಟಿಗೆ ಹೊರಬಿದ್ದವು. ತಿಥಿ ಹಿಂದಿನ ದಿನವೇ ಮುಗಿದಿತ್ತು.

ಇಂಜಿನಿಯರಿಗೆ ವಿಷಯ ಹೇಳಿದೆ. ನಕ್ಕ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಸಾರ್, ಕನೆಕ್ಷನ್ ತಡವಾಗಿ ಹಿಡಿದಿರಬೇಕು ಅಂದ. ಒಂದು ವಾರ ಕಳೆದು ಅವನದೇ ಫೋನು. ರಾಮನಗರದ ಗೆಳೆಯನೊಬ್ಬನ ಅಂಗಡಿಯಲ್ಲಿ ಇದೇ ಲಿನಕ್ಸ್, ಇದೇ ಪ್ರಿಂಟರು, ಇದೇ ಕಾಯಿಲೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ದನಿ ತಗ್ಗಿಸಿ ಕೇಳಿದ:

"ಸಾರ್, ಮೇಡಂ ಅವತ್ತು ಇಳಿ ತೆಗೆದದ್ದು ಎಡಗಡೆಯಿಂದಲೋ ಬಲಗಡೆಯಿಂದಲೋ?"

೫. ತೆರೆಯದ ಬಯೋಡೇಟಾ

ಲಗ್ನಪತ್ರಿಕೆಯವರು ರಸ್ತೆಯ ಆ ಬದಿಗೆ ಹೋದ ಮೇಲೆ ನನಗೆ ಉಳಿದವರು ಕಾರ್ಖಾನೆ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು. ಒಬ್ಬನಿಗೆ ಬಯೋಡೇಟಾ ಮಾಡಿ ಕಾರ್ಖಾನೆಗೆ ಈಮೇಲ್ ಕಳಿಸಿದೆ. ಅಲ್ಲಿಯ ಆಫೀಸಿನ ವಿಂಡೋಸಿನಲ್ಲಿ ಅದು ತೆರೆಯಲೇ ಇಲ್ಲವೆಂದು ಉತ್ತರ ಬಂತು. ಹುಡುಗ ಬಂದು ಏನೆನ್ನುವನೋ ಎಂದು ವಿಷ್ಣು ಸಹಸ್ರನಾಮ ಹೇಳಿಕೊಂಡು ಕೂತಿದ್ದೆ. ಅವನು ಸಿಹಿ ಪೊಟ್ಟಣ ಹಿಡಿದು ಬಂದ.

"ಓಪನ್ ಆಗ್ಲಿಲ್ವಂತೆ ಸಾರ್. ನೀನೇ ಬಾ ಅಂತ ಫೋನ್ ಮಾಡುದ್ರು. ಹೋದೆ, ಮಾತಾಡ್ಸುದ್ರು, ಕೆಲಸಕ್ಕೆ ತಗಂಡ್ಬುಟ್ರು."

ಮರುದಿನ ಬಾಗಿಲು ತೆಗೆಯುವಾಗ ಹುಡುಗರ ಸಾಲು ಬೊಂಬೆ ಅಂಗಡಿಯವರೆಗೆ ನಿಂತಿತ್ತು. ಎಲ್ಲರದೂ ಒಂದೇ ಮಾತು, ತೆರೆಯದಿರೋ ಅಂಥದ್ದೇ ಮಾಡಿಕೊಡಿ. ದೇವರು ಕಡೆಗೂ ಕಣ್ಣು ಬಿಟ್ಟ ಎಂದು ಇನ್ನೊಂದು ಊದುಬತ್ತಿ ಹಚ್ಚಿದೆ. ಸಂಜೆಯ ತನಕ ಮಾಡಿದೆ, ಎಲ್ಲವನ್ನೂ ಕಳಿಸಿದೆ.

ನನಗೆ ತಿಳಿಯದ ಸಂಗತಿ ಒಂದಿತ್ತು. ನನ್ನ ಫೈಲು ತೆರೆಯಲಿಲ್ಲವೆಂದು ಕೇಳಿ ನೊಂದ ಇಂಜಿನಿಯರು, ಉಪಕಾರವಾಗಲಿ ಎಂದು ಹಿಂದಿನ ದಿನವೇ ನಾನಿಲ್ಲದ ಹೊತ್ತಿನಲ್ಲಿ ಬಂದು, ವಿಂಡೋಸಿನಲ್ಲೂ ತೆರೆಯುವಂತೆ ಎಲ್ಲ ಸರಿಮಾಡಿ ಹೋಗಿದ್ದ.

ಹುಡುಗರು ಗುಂಪಾಗಿ ಬಂದರು. ಮುಂದಿದ್ದವನು ಮೇಜಿನ ಮೇಲೆ ಕೈಯಿಟ್ಟು ಬಹಳ ಬೇಸರದಿಂದ ಹೇಳಿದ: "ನಿಮ್ಮನ್ನ ನಂಬ್ಕಂಡು ಕೆಟ್ವಲ್ಲ ಸಾರ್. ಎಲ್ಲಾರದ್ದೂ ಓಪನ್ ಆಗ್ಬುಟ್ಟೈತೆ."

೬. ಹೂವು ಬಿದ್ದ ಕಡೆ

ಸೀಸನ್ನು ಅರ್ಧ ದಾಟಿತು. ಎದುರಿನ ಅಂಗಡಿಯವನು ಎರಡನೆಯ ಕಂಪ್ಯೂಟರು ತಂದ. ನನ್ನ ಮಾವನವರು ಕನಕಪುರದಿಂದ ಫೋನು ಮಾಡಿ, ನಿಮಗೆಂದು ಹೊಸ ಕುರ್ಚಿ ತರಿಸಿದ್ದೇನೆ ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಆ ಪ್ರೀತಿ ತಡೆಯಲಾಗಲಿಲ್ಲ.

ಹರಕೆಯನ್ನು ನಾನಾಗಿ ಮುರಿಯುವಂತಿಲ್ಲ. ಅದನ್ನು ಕೇಳಿಸಿಕೊಂಡ ದೇವರೇ ಇಳಿಸಬೇಕು. ಮಾಗಡಿಗೆ ಹೋದೆ. ಸಾವನದುರ್ಗದ ಬಂಡೆ ಕಾಣುವ ಒಂದು ಸಣ್ಣ ಗುಡ್ಡದ ಮೇಲೆ ನಮ್ಮ ಮನೆದೇವರ ಗುಡಿ. ಅಲ್ಲಿ ಹೂವಿನ ಪ್ರಸಾದ ಕೇಳುವ ರೂಢಿಯಿದೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಂತರೆ ಅರ್ಚಕರು ವಿಗ್ರಹದ ಮೇಲೆ ಹೂವಿಡುತ್ತಾರೆ. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ.

ನನ್ನನ್ನು ಈ ಹರಕೆಯಿಂದ ಬಿಡುತ್ತೀಯಾ ತಂದೆ, ಎಂದು ಕೇಳಿ ಕಣ್ಣು ಮುಚ್ಚಿದೆ. ತೆರೆದಾಗ ಹೂವು ಬಲಗಡೆ ಬಿದ್ದಿತ್ತು.

ಉದ್ದಕ್ಕೆ ಅಡ್ಡಬಿದ್ದೆ. ಏಳುವಷ್ಟರಲ್ಲಿ ಮನಸ್ಸಿನಲ್ಲೇ ನಾಲ್ಕು ಲಗ್ನಪತ್ರಿಕೆ ಅಚ್ಚಾಗಿದ್ದವು.

"ಯಾಕೆ ಅಷ್ಟು ಸಂತೋಷ?" ಎಂದರು ಅರ್ಚಕರು.

"ಬಲಗಡೆ ಆಯ್ತಲ್ಲ ಸ್ವಾಮಿ."

"ನಿಮಗೆ ಬಲ. ಅವನು ನಿಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ. ಅವನಿಗೆ ಅದು ಎಡ."

"ಲೆಕ್ಕ ಯಾರದು ಸ್ವಾಮಿ?"

"ನೀವು ಕೇಳಿದ್ದು ಯಾರನ್ನ?"

ಕನಕಪುರದ ಗೊಬ್ಬರದ ವಾಸನೆ ಗರ್ಭಗುಡಿಯ ಬಾಗಿಲಲ್ಲೇ ಮೂಗಿಗೆ ಬಂತು. ಅಂಗಡಿ ಹೋಯಿತು, ಹರಕೆ ಉಳಿಯಿತು. ಆತನ ಚಿತ್ತ ಎಂದು ಕಣ್ಣೊರೆಸಿಕೊಂಡೆ.

ಅರ್ಚಕರಿಗೆ ಮರುಕ ಬಂದಿರಬೇಕು. ತೀರ್ಥ ಕೊಡುವುದನ್ನು ನಿಲ್ಲಿಸಿ, ಏನು ಹರಕೆ ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ತಲೆಯಾಡಿಸುತ್ತ ಕೇಳಿಸಿಕೊಂಡರು.

"ಅಂದರೆ ಆ ವಿಂಡೋಸು ಇನ್ನು ನಿಮಗೆ ಬೇಡ."

"ಬೇಡ ಸ್ವಾಮಿ."

"ಹಾಗಾದರೆ ಇಲ್ಲಿಗೆ ತಂದು ಹಾಕಿಕೊಡಿ. ಭಕ್ತರೊಬ್ಬರು ಕಂಪ್ಯೂಟರು ಕೊಟ್ಟು ಹೋಗಿದ್ದಾರೆ. ಒಳಗೆ ಏನೂ ಇಲ್ಲ, ಹೂವಿನ ಬುಟ್ಟಿ ಇಡೋಕೆ ಆಗಿದೆ."

"ಲಿನಕ್ಸ್ ಹಾಕಿಕೊಡ್ತೀನಿ ಸ್ವಾಮಿ. ಪುಕ್ಕಟೆ, ಯಾವ ದೋಷವೂ ಇಲ್ಲ."

"ಪುಕ್ಕಟೆದಾ?" ಅರ್ಚಕರ ಮುಖ ಸಪ್ಪಗಾಯಿತು. "ದೇವಸ್ಥಾನಕ್ಕೆ ಪುಕ್ಕಟೆದು ಚೆನ್ನಾಗಿರೋದಿಲ್ಲ. ನಿಮ್ಮ ಹಳೇದೇ ಇರಲಿ."

"ಅದು ಕದ್ದದ್ದು ಸ್ವಾಮಿ," ಎಂದೆ. "ಕದ್ದ ಮಾಲನ್ನ ದೇವರ ಸನ್ನಿಧಿಗೆ ಹೇಗೆ ತರಲಿ?"

ಅರ್ಚಕರು ಮಂಗಳಾರತಿ ತಟ್ಟೆ ಎತ್ತಿ ವಿಗ್ರಹದ ಹತ್ತಿರಕ್ಕೆ ಹಿಡಿದರು. ಕಪ್ಪು ಕಲ್ಲಿನ ಬಾಲಕೃಷ್ಣ ದೀಪದ ಬೆಳಕಿನಲ್ಲಿ ನಗುತ್ತ ನಿಂತಿದ್ದ.

"ಕೈಯಲ್ಲಿ ಏನಿದೆ ಹೇಳಿ," ಎಂದರು.

"ಬೆಣ್ಣೆ."

"ಯಾರ ಮನೆಯದು?"