ಭಾವನವರ ಕಣ್ಣೀರಿನ ಕೊಳವೆ

ನಮ್ಮ ಭಾವನವರ ಎದುರಿಗೆ ಅಳುವುದು ಅಪಾಯದ ಕೆಲಸವಾಗಿತ್ತು. ಅವರು ಬೈಯುತ್ತಿದ್ದರೆಂದಲ್ಲ, ಸಮಾಧಾನ ಮಾಡುತ್ತಿದ್ದರೆಂದೂ ಅಲ್ಲ. ಗಾಜಿನ ಕೊಳವೆ ತರುತ್ತಿದ್ದರು!

ನಾನು ಮದುವೆಯಾಗಿ ಹೊನ್ನಾಳಿಗೆ ಬಂದದ್ದು ಯುದ್ಧದ ಕಾಲದಲ್ಲಿ, ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದಾಗ. ಹೊಸದರಲ್ಲಿ ತವರು ನೆನಪಾಗಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಅಳುತ್ತಿದ್ದೆ. ಹೊಸ ಸೊಸೆ ಅಳುವುದನ್ನು ಕಂಡರೆ ಗಂಡನ ಅಣ್ಣನಾದವರು ಏನು ಮಾಡಬೇಕು ಹೇಳಿ? ಒಂದು ಸಲ ಕೆಮ್ಮಿ, ಬಂದ ದಾರಿಯಲ್ಲೇ ತಿರುಗಿ ಹೋಗಬೇಕು. ಇವರು ಓಡಿ ಬಂದು, "ಒರೆಸ್ಕೊಬ್ಯಾಡಮ್ಮ, ತಡಿ" ಎಂದರು. ಕೊಳವೆಯನ್ನು ಮಾರು ದೂರದಲ್ಲಿ ನೆಲದ ಮೇಲಿಟ್ಟು, ಮುಖ ತಿರುಗಿಸಿ ನಿಂತರು. ಮರ್ಯಾದೆಗೆ ಮಾತ್ರ ಏನೂ ಕೊರತೆಯಿಲ್ಲ! ನನಗೆ ಅಳು ನಿಂತುಹೋಯಿತು. ಅವರಿಗೆ ಬಹಳ ಬೇಜಾರಾಯಿತು.

ಭಾವನವರು ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಕಣ್ಣೀರು, ಎಂಜಲು, ಎದೆಹಾಲು, ಇವುಗಳಲ್ಲೆಲ್ಲ ಒಂದು ಪದಾರ್ಥವಿದೆ, ಅದು ಕ್ರಿಮಿಗಳ ಗೋಡೆಯನ್ನೇ ಕರಗಿಸುತ್ತದೆ ಎಂದು ಎಲ್ಲೋ ಓದಿದ್ದರು. ಅದರ ಹೆಸರು ಲೈಸೋಜೈಮ್. ಆ ಹೆಸರನ್ನು ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಬೇಕಾಗಿತ್ತು. ಬೇಯಿಸಿದ ಆಲೂಗಡ್ಡೆಯ ಹೋಳನ್ನು ಗಾಳಿಗಿಟ್ಟು, ಅದರ ಮೇಲೆ ಹಳದಿಯಾಗಿ ಬೆಳೆದ ಕ್ರಿಮಿಗಳನ್ನು ಕೆರೆದು ನೀರಿಗೆ ಕದಡುತ್ತಿದ್ದರು. ನೀರು ಮಬ್ಬಾಗುತ್ತಿತ್ತು. ಅದಕ್ಕೆ ಒಂದು ಹನಿ ಕಣ್ಣೀರು ಬಿಟ್ಟು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಕೂತರೆ, ಸ್ವಲ್ಪ ಹೊತ್ತಿನಲ್ಲಿ ಮಬ್ಬು ಹರಿದು ತಿಳಿಯಾಗುತ್ತಿತ್ತು. ನಿಜವಾಗಿ ಆಗುತ್ತಿತ್ತು, ನಾನೇ ನೋಡಿದ್ದೇನೆ.

ಆ ಪದಾರ್ಥದ ಆಕಾರ ಎಂಥದ್ದೆಂದು ತಿಳಿದವರು ಕಂಡುಕೊಂಡದ್ದು ಬಹಳ ವರ್ಷಗಳ ಮೇಲೆ. ಅದರ ಮೈಯಲ್ಲಿ ಒಂದು ಸೀಳಿದೆಯಂತೆ. ಕ್ರಿಮಿಯ ಗೋಡೆಯ ಎಳೆ ಆ ಸೀಳಿನಲ್ಲಿ ಸಿಕ್ಕಿದರೆ, ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ಎರಡು ತುಂಡು. ಗೋಡೆ ಹರಿದಮೇಲೆ ನೀರು ಒಳಗೆ ನುಗ್ಗಿ ಕ್ರಿಮಿ ಒಡೆದೇ ಹೋಗುತ್ತದೆ. ಇದನ್ನು ಕೇಳಲು ಭಾವನವರು ಇರಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ನ್ಯಾಮತಿಯಲ್ಲಿ ನಮ್ಮ ಕಡೆಯವರದೇ ಒಂದು ಮದುವೆ. ಹೆಣ್ಣು ಒಪ್ಪಿಸುವ ಹೊತ್ತು. ಹುಡುಗಿಯ ತಾಯಿ ಅಳುತ್ತಿದ್ದಾಳೆ, ಚಿಕ್ಕಮ್ಮಂದಿರು ಅಳುತ್ತಿದ್ದಾರೆ, ಆ ಗುಂಪಿನ ನಡುವೆ ನಮ್ಮ ಭಾವನವರು ಜರಿ ರುಮಾಲು ಸುತ್ತಿ, ಜೇಬಿನ ತುಂಬ ಕೊಳವೆ ಇಟ್ಟುಕೊಂಡು ಓಡಾಡುತ್ತಿದ್ದಾರೆ! ಬೀಗರು ಇವರನ್ನು ಅತ್ತರು ಹಚ್ಚಲು ಬಂದವರೆಂದು ತಿಳಿದು ಸಾಲಾಗಿ ಕೈ ಚಾಚಿದರು. ಆಮೇಲೆ ಆ ಮನೆಯಿಂದ ನಮಗೆ ಕರೆ ಬರಲಿಲ್ಲ.

ಇನ್ನು ಮೊಟ್ಟೆಯ ವಿಷಯ. ಕೋಳಿಮೊಟ್ಟೆಯ ಬಿಳಿಯಲ್ಲೂ ಅದೇ ಪದಾರ್ಥ ಇದೆಯೆಂದು ತಿಳಿದ ಮೇಲೆ ಸುಮ್ಮನಿರುವ ಜೀವವೇ ಅದು? ನಮ್ಮದು ಲಿಂಗ ಕಟ್ಟಿದ ಮನೆ. ಗೂಟಕ್ಕೆ ನೇತುಹಾಕಿದ್ದ ಕೋಟನ್ನು ಅತ್ತೆ ಒಗೆಯಲೆಂದು ಎತ್ತಿದರು, ಜೇಬಿನಿಂದ ಮೊಟ್ಟೆ ಜಾರಿ ಪೂಜೆಯ ಕೋಣೆಯ ಹೊಸ್ತಿಲಿಗೇ ಬಿದ್ದು ಒಡೆಯಿತು. ತಿನ್ನಲು ತಂದದ್ದಲ್ಲ, ಒಳಗಿನ ಮರಿಯನ್ನು ಕ್ರಿಮಿಗಳಿಂದ ಕಾಯುವ ಪದಾರ್ಥ ಅದರಲ್ಲಿದೆ ಎಂದು ಭಾವನವರು ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಮರಿ ಕಾಯೋದು ಮರಿಗೇ ಇರ್ಲಿ. ನಿನಗ್ಯಾಕಪ್ಪ?" ಎಂದು ಸಗಣಿ ತರಲು ಹೋದರು. ಅವರ ಸಿಟ್ಟು ಇಳಿಯುವ ತನಕ ಭಾವನವರ ಊಟ ಜಗಲಿಯ ಮೇಲೆ.

ಇಷ್ಟೆಲ್ಲ ನಡೆಯುವಾಗ ಭಾವನವರ ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾನು ಬರುವ ಮುಂಚಿನ ವರ್ಷ ಬಸವಾಪಟ್ಟಣದಲ್ಲಿ, ಕಿರಿಮಗಳ ಮನೆಯಲ್ಲಿ, ಅಕ್ಕನ ತಾಯಿ ತೀರಿಕೊಂಡಿದ್ದರು. ಹೆಣದ ಪಕ್ಕದಲ್ಲಿ ಕೂತ ಅಕ್ಕನ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲವಂತೆ. ಹೆತ್ತವಳು ಹೋದರೂ ಅಳದವಳು ಎಂದು ಊರೆಲ್ಲ ಆಡಿಕೊಂಡಿತು. ಅಕ್ಕ ಎತ್ತಿ ಆಡಿಸಿದ ತಂಗಿಯೇ, ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಳು. ಅಕ್ಕನಿಗೆ ತವರೆಂದು ಉಳಿದದ್ದು ಆ ತಂಗಿಯ ಮನೆಯೊಂದೇ. ಅದೂ ಹೋಯಿತು. ಅಕ್ಕ ಅದಕ್ಕೂ ಅಳಲಿಲ್ಲ. ಕೆಂಪಾದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ, ತುತ್ತಿಗೊಂದು ಗುಟುಕು ನೀರು ಕುಡಿದು ರೊಟ್ಟಿ ನುಂಗುತ್ತಿದ್ದರು.

ಒಂದು ದಿನ ಭಾವನವರು ಮನೆಯ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಈರುಳ್ಳಿ ಹೆಚ್ಚಿಸಿದರು. ಅತ್ತೆಯೂ ಗೊಣಗುತ್ತ ಕೂತರು. ನಮ್ಮೆಲ್ಲರ ಕಣ್ಣಲ್ಲೂ ಧಾರಾಕಾರ. ಅಕ್ಕನ ಕಣ್ಣು ಕೆಂಪಾಯಿತು, ಉರಿಯಿತು, ನೀರು ಮಾತ್ರ ಇಲ್ಲ. ರೆಪ್ಪೆಯಂಚಿನ ಅಷ್ಟಿಷ್ಟು ತೇವವನ್ನೇ ಭಾವನವರು ಒಗೆದ ಬಟ್ಟೆಯ ಎಳೆಯಲ್ಲಿ ತೆಗೆದು ಕೊಳವೆಗೆ ಹಾಕಿದರು. ನಮ್ಮ ಕೊಳವೆಗಳೆಲ್ಲ ತಿಳಿಯಾದವು. ಅಕ್ಕನದು ಮಬ್ಬಾಗಿಯೇ ಉಳಿಯಿತು. ಮತ್ತೆ ಮಾಡಿದರು, ಮರುದಿನವೂ ಮಾಡಿದರು, ಹಾಗೆಯೇ ಉಳಿಯಿತು. ಅಕ್ಕನ ಕಣ್ಣೂ ಬಾಯೂ ಒಣಗಿರುವುದು ರೋಗ, ಮನಸ್ಸಿನದಲ್ಲ ಎಂದು ಭಾವನವರಿಗೆ ಆಗ ಹೊಳೆಯಿತು. ಎಲ್ಲರ ಕಣ್ಣೀರಿಗೂ ಊರೂರು ಅಲೆದ ಮನುಷ್ಯ ತನ್ನ ಹೆಂಡತಿಯ ಕಣ್ಣು ನೋಡಿರಲಿಲ್ಲ. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ.

ಮಾರನೆಯ ವಾರವೇ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಬಸವಾಪಟ್ಟಣಕ್ಕೆ ಹೊರಟರು. ತಂಗಿ ಮಗುವನ್ನು ಸೊಂಟದಲ್ಲಿ ಹೊತ್ತು ಬಾಗಿಲಿಗೆ ಅಡ್ಡ ನಿಂತಳು, ಒಳಗೆ ಕರೆಯಲಿಲ್ಲ. ಭಾವನವರು ಜಗಲಿಯ ಮೇಲೆಯೇ ಮಬ್ಬು ನೀರಿನ ಎರಡು ಕೊಳವೆ ತೆಗೆದಿಟ್ಟು, ನಿನ್ನದೊಂದು ಹನಿ ಕಣ್ಣೀರು ಕೊಡಮ್ಮ ಎಂದು ಕೇಳಿದರು. ಅವಳಿಗೆ ಸಿಟ್ಟು ಬಂತು. ಸಿಟ್ಟಿಗೇ ಕಣ್ಣು ತುಂಬಿತು. ಅಷ್ಟು ಸಾಕಾಯಿತು ಅವರಿಗೆ.

ತಂಗಿಯ ಕಣ್ಣೀರು ಬಿದ್ದ ಕೊಳವೆ ನೋಡನೋಡುತ್ತ ತಿಳಿಯಾಯಿತು. ಅಕ್ಕನ ರೆಪ್ಪೆಯ ತೇವ ಹಾಕಿದ್ದು ಮಬ್ಬಾಗಿಯೇ ಇತ್ತು.

"ನಿನ್ನ ಕಣ್ಣಾಗೆ ಇರೋದು ಇವಳ ಕಣ್ಣಾಗೆ ಇಲ್ಲಮ್ಮ," ಎಂದರು ಭಾವನವರು. "ಇವಳು ಅಳಲಿಲ್ಲ ಅಂತಲ್ಲ. ಅಳಾಕೆ ನೀರೇ ಇರ್ಲಿಲ್ಲ."

ತಂಗಿ ಕೊಳವೆಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು. ಅಕ್ಕ ತಲೆ ಎತ್ತದೆ, "ಅವ್ವ ಹೋದಾಗ ಅಳು ಬಂದಿತ್ತು ಕಣೆ. ಒಳಗೇ ಉಳೀತು" ಎಂದರು.

ತಂಗಿ ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಮಗುವಿಗೆ ಹಾಲು ಕುಡಿಸುವ ಒಳಲೆಯಿತ್ತು, ಅದರಲ್ಲಿ ಆಗತಾನೆ ಹಿಂಡಿದ ಎದೆಹಾಲು. ಕಣ್ಣು ನೋವಿಗೆ ನಮ್ಮ ಕಡೆ ಎಲ್ಲ ತಾಯಂದಿರೂ ಮಾಡುವುದೇ ಅದು, ಅವಳಿಗೆ ಲೈಸೋಜೈಮಿನ ಹೆಸರು ಗೊತ್ತಿರಲಿಲ್ಲ. ಹೊಸ್ತಿಲ ಒಳಗೆ ಕೂತು ಅಕ್ಕನ ಕೈ ಹಿಡಿದು ಎಳೆದುಕೊಂಡಳು. ಎತ್ತಿ ಆಡಿಸಿದವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟು, ರೆಪ್ಪೆ ಬಿಡಿಸಿ, ಎರಡೂ ಕಣ್ಣಿಗೆ ಹನಿ ಹನಿಯಾಗಿ ಹಾಲು ಬಿಟ್ಟಳು.

ಹಾಲು ಕಣ್ಣು ತುಂಬಿ, ಅಕ್ಕನ ಎರಡೂ ಕೆನ್ನೆಯ ಮೇಲೆ ಇಳಿಯಿತು. ಅವರಮ್ಮ ಸತ್ತ ಮನೆಯಲ್ಲಿ, ಅವರು ಅತ್ತದ್ದು ಹಾಗೆ.

ನಾನು ಭಾವನವರ ಕಡೆ ನೋಡಿದೆ. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕೈಯಲ್ಲಿ ಖಾಲಿ ಕೊಳವೆ ಇತ್ತು, ಅದು ಅವರಿಗೆ ನೆನಪೇ ಇರಲಿಲ್ಲ.